ಸ್ಪ್ರಿಂಗ್ ಮನೇಲೇ ಬದಲಾಯಿಸಿ, ಜಾಕ್ ಮಾತ್ರ ನಂಬ್ಬೇಡಿ

(1/5)

ಹೋದ ವಾರ ಸ್ಟೋರಿಯಲ್ಲಿ ಮುರಿದ ಕಾಯಿಲ್ ಸ್ಪ್ರಿಂಗ್ ಫೋಟೋ ಹಾಕಿದ್ನಲ್ಲ, ಅದಕ್ಕೆ ಬಂದ ಮೆಸೇಜ್ ಎರಡೇ ಥರ. ಅರ್ಧ ಜನ "ಹುಚ್ಚಾ ನಿಂಗೆ, ಸ್ಪ್ರಿಂಗ್ ಎಲ್ಲ ಮನೇಲಿ ಮುಟ್ಟೋ ಐಟಂ ಅಲ್ಲ, ಹಾರಿ ತಲೆಗೆ ಹೊಡೆಯುತ್ತೆ" ಅಂದ್ರು. ಉಳಿದವರು "ಹೆಂಗೂ ಬಿಚ್ಚಿದೀಯಲ್ಲ, ಎರಡಿಂಚು ಲಿಫ್ಟ್ ಹಾಕು, ಮಸ್ತ್ ಕಾಣುತ್ತೆ" ಅಂದ್ರು. ಇಬ್ಬರ ಜೊತೆನೂ ನಂಗೆ ಜಗಳ ಇದೆ. ಸ್ಟೋರಿಯಲ್ಲಿ ಬರೆದ್ರೆ ಇಪ್ಪತ್ನಾಲ್ಕು ಗಂಟೆಗೆ ಮಾಯ ಆಗುತ್ತೆ, ಅದಕ್ಕೆ ಇಲ್ಲಿ ಬರೀತಿದೀನಿ. ಡಿಪ್ಲೊಮಾ ಗೆಳೆಯರು ಪೂರ್ತಿ ಓದಿ, ವೈವಾದಲ್ಲೂ ಕೇಳ್ಬೋದು.

ಗಾಡಿ ನಮ್ಮ ಚಿಕ್ಕಪ್ಪನ ಜಿಮ್ನಿ, 2023ರದ್ದು. ಸಕಲೇಶಪುರದ ಆಚೆ ನಮ್ಮ ತೋಟದ ದಾರಿ ನೋಡಿದವರಿಗೆ ಗೊತ್ತು, ಮಳೆಗಾಲ ಮುಗಿದ ಮೇಲೆ ಅದನ್ನ ರಸ್ತೆ ಅನ್ನೋಕೆ ಬಾಯಿ ಬರಲ್ಲ. ಚಿಕ್ಕಪ್ಪ ಗಾಡಿ ತಗೊಂಡ ವರ್ಷಾನೇ ಮುಂದೆ ದಪ್ಪ ಕಬ್ಬಿಣದ ಬಂಪರ್ ಕೂರಿಸಿ ಅದರ ಮೇಲೆ ವಿಂಚ್ ಹಾಕಿಸಿದ್ರು. ಎರಡೂ ಸೇರಿ ಒಬ್ಬ ಮನುಷ್ಯನ ತೂಕ. ಅಂದ್ರೆ ಬಾನೆಟ್ ಮುಂದೆ ಒಬ್ಬ ಆಳು ವರ್ಷಪೂರ್ತಿ ಕೂತಿದ್ದ ಹಾಗೆ. ಮೊದಲು ಮೂತಿ ತಗ್ಗಿತು. ಆಮೇಲೆ ಗುಂಡಿಗೆ ಇಳಿದಾಗೆಲ್ಲ ಎಡಗಡೆ "ಟಕ್" ಅನ್ನೋಕೆ ಶುರುವಾಯ್ತು. ಟಾರ್ಚ್ ಹಿಡಿದು ಕೆಳಗೆ ಬಗ್ಗಿ ನೋಡಿದ್ರೆ ಸ್ಪ್ರಿಂಗ್‌ನ ಕೆಳಗಿನ ಸುತ್ತಿನ ಬಾಲ ಮುರಿದು, ಸೀಟ್‌ನ ಕೆಸರಲ್ಲಿ ಬಿದ್ದಿತ್ತು.

(2/5)

ಮೊದಲು ಭಯದ ವಿಷಯ. ನಿಮ್ಮ ಭಯ ಸುಳ್ಳಲ್ಲ. ಲೆಕ್ಕ ಹಾಕೋಣ: ಒಂದು ಸ್ಪ್ರಿಂಗ್ 250 ಕೆ.ಜಿ. ಭಾರ ಹೊತ್ತು 12 ಸೆಂ.ಮೀ. ಒತ್ತಿಕೊಂಡಿದೆ ಅಂತಿಟ್ಕೊಳ್ಳಿ. ಬಲದ ಅರ್ಧ ಇಂಟು ದೂರ, ಸುಮಾರು 150 ಜೌಲ್. 15 ಕೆ.ಜಿ. ಕಲ್ಲು ಒಂದು ಮೀಟರ್ ಎತ್ತರದಿಂದ ಬಿದ್ದಷ್ಟು. ಅದು ಮುಖಕ್ಕೆ ಬಂದ್ರೆ ಕಥೆ ಮುಗೀತು.

ಆದ್ರೆ ಪ್ರಶ್ನೆ ಇರೋದು ಬೇರೆ ಕಡೆ. ನಿಮ್ಮ ಗಾಡಿಯಲ್ಲಿ ಆ ಸ್ಪ್ರಿಂಗನ್ನ ಒತ್ತಿ ಹಿಡಿದಿರೋದು ಯಾರು? ಇದನ್ನ ಕೇಳದೇನೇ "ಮನೇಲಿ ಮಾಡ್ಬೋದು", "ಮಾಡ್ಬಾರ್ದು" ಅನ್ನೋದು ಎರಡೂ ಬರೀ ಮಾತು.

ನಮ್ಮಲ್ಲಿ ಓಡೋ ಬಹಳಷ್ಟು ಕಾರು, ಸಣ್ಣ ಎಸ್‌ಯುವಿಗಳಲ್ಲಿ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್. ಸ್ಪ್ರಿಂಗ್ ಶಾಕ್ ಅಬ್ಸಾರ್ಬರ್ ಮೇಲೇ ಕೂತಿರುತ್ತೆ, ಮೇಲಿನ ಒಂದೇ ಒಂದು ನಟ್ ಅದನ್ನ ಒತ್ತಿ ಹಿಡಿದಿರುತ್ತೆ. ಸ್ಟ್ರಟ್ಟನ್ನ ಗಾಡಿಯಿಂದ ಹೊರಗೆ ತೆಗೆದ್ರೂ ಒಳಗಿನ ಒತ್ತಡ ಹಾಗೇ ಇರುತ್ತೆ. ಕಂಪ್ರೆಸರ್ ಹಾಕದೆ ಆ ನಟ್ ಬಿಚ್ಚಿದ್ರೆ ಮೇಲೆ ಹೇಳಿದ ಕಲ್ಲು ನಿಮ್ಮದೇ. 2020ರ ನಂತರದ ಥಾರ್‌ನಲ್ಲಿ ಮುಂದೆ ಡಬಲ್ ವಿಶ್‌ಬೋನ್, ಅಲ್ಲೂ ಸ್ಪ್ರಿಂಗ್ ಶಾಕ್ ಸುತ್ತಲೇ ಇದೆ. ಅವನ್ನ ಮನೇಲಿ ಮಾಡ್ಬೇಡಿ ಅಂತ ನಾನೇ ಹೇಳ್ತೀನಿ. ಬಾಡಿಗೆಗೆ ಸಿಗೋ ತುಕ್ಕು ಹಿಡಿದ ಕಂಪ್ರೆಸರ್ ನಂಬಿ ಅಂತೂ ಬೇಡವೇ ಬೇಡ.

ಜಿಮ್ನಿ ಹಾಗಲ್ಲ. ಮುಂದೆನೂ ಹಿಂದೆನೂ ಒಂದೇ ತುಂಡಿನ ಗಟ್ಟಿ ಆಕ್ಸಲ್, ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಸ್ಪ್ರಿಂಗನ್ನ ಒತ್ತಿರೋದು ಗಾಡಿಯ ಭಾರ ಮಾತ್ರ. ಚಾಸಿಸ್ ಎತ್ತಿ ನಿಲ್ಲಿಸಿ, ಆಕ್ಸಲ್ ಕೆಳಗೆ ಇಳಿಸ್ತಾ ಹೋದ್ರೆ ಸ್ಪ್ರಿಂಗ್ ತಾನಾಗೇ ಹಿಗ್ಗಿ ಸಡಿಲ ಆಗುತ್ತೆ, ಕೊನೆಗೆ ಕೈಯಲ್ಲಿ ಅಲ್ಲಾಡಿಸ್ಬೋದು. ಕಂಪ್ರೆಸರ್ ಬೇಕಾಗಿಲ್ಲ. ಹಳೇ ಜಿಪ್ಸಿಯವರು ಬೇಜಾರ್ ಮಾಡ್ಕೋಬೇಡಿ, ನಿಮ್ಮದು ಲೀಫ್ ಸ್ಪ್ರಿಂಗ್, ಅದರ ಕಥೆನೇ ಬೇರೆ.

(3/5)

ಹಾಗಾದ್ರೆ ಅಪಾಯ ಎಲ್ಲಿದೆ? ಜಾಕ್‌ನಲ್ಲಿ. ಇದನ್ನ ಓದಿ ಕಲಿತಿದ್ದಲ್ಲ ನಾನು.

ಮೊದಲ ಸಲ ಕೈ ಹಾಕಿದ್ದು ಕಾಫಿ ಕಣದ ಪಕ್ಕದ ಮಣ್ಣಿನ ಅಂಗಳದಲ್ಲಿ, ಗಾಡಿ ಜೊತೆ ಬಂದ ಜಾಕ್ ಒಂದೇ ಇಟ್ಕೊಂಡು. ನೆಲ ಗಟ್ಟಿ ಅಂದ್ಕೊಂಡೆ. ಚಕ್ರ ಬಿಚ್ಚಿ ಪಕ್ಕಕ್ಕೆ ಉರುಳಿಸ್ತಿದ್ದಾಗ ಹಿಂದೆ "ಧಡ್" ಅಂತ ಸದ್ದು. ಜಾಕ್ ವಾಲಿ ಡಿಸ್ಕ್ ನೆಲಕ್ಕೆ ಕೂತಿತ್ತು. ಅರ್ಧ ನಿಮಿಷ ಮುಂಚೆ ನನ್ನ ಪಾದ ಅಲ್ಲೇ ಇತ್ತು, ಹವಾಯಿ ಚಪ್ಪಲಿ ಹಾಕ್ಕೊಂಡು. ಚಿಕ್ಕಪ್ಪ ಬಂದು ಗಾಡಿ ನೋಡಲಿಲ್ಲ, ನನ್ನ ಕಾಲು ನೋಡಿದ್ರು. "ಪುಟ್ಟಿ, ಒಳಗೆ ಹೋಗಿ ಕಾಫಿ ಕುಡಿ" ಅಂದ್ರು, ಅಷ್ಟೇ. ಅವತ್ತು ಕೆಲಸ ಮುಂದೆ ಹೋಗಲಿಲ್ಲ.

ಜಾಕ್ ಇರೋದು ಎತ್ತೋಕೆ. ಹೊತ್ತು ನಿಲ್ಲೋಕೆ ಜಾಕ್ ಸ್ಟ್ಯಾಂಡ್ ಬೇಕು. ಒಂದು ಜೊತೆ ಸ್ಟ್ಯಾಂಡ್‌ಗೆ ಆಗೋ ಖರ್ಚು ಒಂದು ಟೈರಿಗಿಂತ ಕಡಿಮೆ. ಎಷ್ಟೋ ಶೆಡ್‌ಗಳಲ್ಲಿ ಸಿಮೆಂಟ್ ಬ್ಲಾಕ್ ಇಟ್ಟು ಕೆಳಗೆ ಹುಡುಗರನ್ನ ಮಲಗಿಸ್ತಾರೆ, ನೀವೂ ನೋಡಿರ್ತೀರ. ಬ್ಲಾಕ್ ಗೋಡೆಯಲ್ಲಿ ಹರಡಿದ ಭಾರ ತಡೆಯುತ್ತೆ, ಕಬ್ಬಿಣದ ಒಂದು ಅಂಚು ಒತ್ತಿದ್ರೆ ಮುನ್ಸೂಚನೆನೇ ಕೊಡದೆ ಪುಡಿ ಆಗುತ್ತೆ. ಆ ಹುಡುಗರೂ ನಮ್ಮ ವಯಸ್ಸಿನವರೇ. ನಾಳೆ ಇಂಟರ್ನ್‌ಶಿಪ್‌ಗೆ ಹೋದಾಗ ಅಲ್ಲಿ ಮಲಗೋದು ನಾವೇ ಆಗಿರ್ಬೋದು, ಆಗ "ಸ್ಟ್ಯಾಂಡ್ ಎಲ್ಲಣ್ಣಾ" ಅಂತ ಕೇಳೋಕೆ ನಾಚ್ಕೋಬೇಡಿ.

(4/5)

ಎರಡನೇ ಸಲ ಮಾಡಿದ್ದು ಮನೆ ಮುಂದಿನ ಕಾಂಕ್ರೀಟ್ ಮೇಲೆ. ಹಿಂದಿನ ರಾತ್ರಿನೇ ಬೋಲ್ಟ್‌ಗಳಿಗೆ ತುಕ್ಕು ಬಿಡಿಸೋ ಎಣ್ಣೆ ಹೊಡೆದಿದ್ದೆ. ಹಿಂದಿನ ಎರಡೂ ಚಕ್ರಕ್ಕೆ ಮರದ ತುಂಡು ಅಡ್ಡ ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರ ನೆಲದಲ್ಲಿರುವಾಗಲೇ ನಟ್ ಸಡಿಲ ಮಾಡಿ, ಆಮೇಲೆ ಎತ್ತಿ ಚಾಸಿಸ್ ಕೆಳಗೆ ಎರಡು ಸ್ಟ್ಯಾಂಡ್. ಸ್ಟ್ಯಾಂಡ್ ಮೇಲೆ ಕೂತ ಮೇಲೆ ಗಾಡಿಯನ್ನ ಕೈಯಿಂದ ಜೋರಾಗಿ ಅಲ್ಲಾಡಿಸಿ ನೋಡಿದ್ವಿ. ಬೀಳೋದಾದ್ರೆ ಆಗಲೇ ಬೀಳಲಿ, ನಾನು ಕೆಳಗೆ ಇದ್ದಾಗ ಬೇಡ.

ಆಮೇಲೆ ಟ್ರಾಲಿ ಜಾಕನ್ನ ಆಕ್ಸಲ್ ಕೆಳಗೆ ಕೊಡಿ. ಇದನ್ನ ಮರೆತು ಶಾಕ್‌ನ ಕೆಳಗಿನ ಬೋಲ್ಟ್ ಬಿಚ್ಚಿದ್ರೆ ಆಕ್ಸಲ್ ಒಮ್ಮೆಲೇ ಕೆಳಗೆ ಬೀಳುತ್ತೆ, ಬ್ರೇಕ್ ಹೋಸ್ ಎಳೆದಾಡುತ್ತೆ. ಸ್ಟೆಬಿಲೈಜರ್ ಲಿಂಕ್, ಹೋಸ್ ಹಿಡಿದಿರೋ ಕ್ಲಿಪ್, ಎಬಿಎಸ್ ವೈರ್ ಕ್ಲಿಪ್ ಬಿಡಿಸಿ, ಎರಡೂ ಕಡೆ ಶಾಕ್ ಬಿಚ್ಚಿ, ಜಾಕನ್ನ ನಿಧಾನಕ್ಕೆ ಇಳಿಸಿ. ಒಬ್ಬರು ಇಳಿಸೋದು, ಇನ್ನೊಬ್ಬರ ಕಣ್ಣು ಹೋಸ್ ಮೇಲೆನೇ ಇರಬೇಕು. ನಮ್ಮಲ್ಲಿ ಕೊನೆಯ ಎರಡು ಇಂಚಿಗೆ ಚಿಕ್ಕಪ್ಪ ಹಾರೆ ಕೊಟ್ಟು ಆಕ್ಸಲ್ ಒತ್ತಿದ್ರು, ಸ್ಪ್ರಿಂಗ್ ಎತ್ತಿ ತೆಗೆದೆ. ಪ್ರಾಮಾಣಿಕವಾಗಿ ಹೇಳ್ತೀನಿ, ಇಷ್ಟೇನಾ ಅನ್ನಿಸ್ತು.

ಹಾಕುವಾಗ ಒಂದೇ ಸೂಕ್ಷ್ಮ. ಸ್ಪ್ರಿಂಗ್‌ನ ಕೆಳಗಿನ ತುದಿ ಸೀಟ್‌ನಲ್ಲಿರೋ ಮೆಟ್ಟಿಲಿಗೆ ಸರಿಯಾಗಿ ತಾಗಿ ಕೂರಬೇಕು. ಒಂದಿಂಚು ತಿರುಗಿದ್ರೂ ಗಾಡಿ ಒಂದು ಕಡೆ ಎತ್ತರ ನಿಲ್ಲುತ್ತೆ, ಸದ್ದೂ ಬರುತ್ತೆ. ಮೇಲಿನ ರಬ್ಬರ್ ಸೀಟ್ ಹರಿದಿದ್ರೆ ಈಗಲೇ ಬದಲಾಯಿಸಿ. ಕೆಲವು ಗಾಡಿಗಳಲ್ಲಿ ಎಡ ಬಲದ ಪಾರ್ಟ್ ನಂಬರ್ ಬೇರೆ ಇರುತ್ತೆ, ತರುವಾಗಲೇ ನೋಡಿ ತನ್ನಿ. ಬುಷ್ ಇರೋ ಬೋಲ್ಟ್‌ಗಳನ್ನ ಗಾಡಿ ನೆಲಕ್ಕೆ ಇಳಿದ ಮೇಲೆನೇ ಪೂರ್ತಿ ಬಿಗಿ ಮಾಡಿ, ಗಾಳಿಯಲ್ಲಿ ಬಿಗಿ ಮಾಡಿದ್ರೆ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇರುತ್ತೆ, ಬೇಗ ಹರಿಯುತ್ತೆ. ಎಷ್ಟು ಬಿಗಿ ಅನ್ನೋದನ್ನ ಸರ್ವಿಸ್ ಮ್ಯಾನುವಲ್ ನೋಡಿ, ಟಾರ್ಕ್ ರೆಂಚ್ ಹಿಡಿದು ಮಾಡಿ, ನನ್ನ ಕ್ಯಾಪ್ಶನ್ ನೋಡಿ ಅಲ್ಲ. 50 ಕಿ.ಮೀ. ಓಡಿಸಿ ಇನ್ನೊಮ್ಮೆ ಚೆಕ್ ಮಾಡಿ. ಹೆಡ್‌ಲೈಟ್ ಕೂಡ, ಮೂತಿ ಎತ್ತರ ಆದ್ರೆ ಬೆಳಕು ಎದುರಿನವರ ಕಣ್ಣಿಗೆ ಹೋಗುತ್ತೆ.

ಒಂದು ಗ್ಯಾರೇಜಲ್ಲಿ "ಮುರಿದಿರೋದು ಒಂದೇ ಅಲ್ವಾ, ಒಂದೇ ಹಾಕ್ಸಿ" ಅಂದಿದ್ರು. ಹೊಸದು ಒಂದು, ತಗ್ಗಿದ್ದು ಒಂದು ಅಂದ್ರೆ ಗಾಡಿ ವಾಲೋದು ಗ್ಯಾರಂಟಿ. ಎರಡೂ ತಂದ್ವಿ.

(5/5)

ಈಗ ಲಿಫ್ಟ್ ಪಾರ್ಟಿಯವರು ಬನ್ನಿ.

"ತೋಟದ ದಾರಿಗೆ ಕ್ಲಿಯರೆನ್ಸ್ ಬೇಕಲ್ವಾ" ಅಂತೀರ. ಗಟ್ಟಿ ಆಕ್ಸಲ್ ಗಾಡಿಯಲ್ಲಿ ನೆಲಕ್ಕೆ ಹತ್ತಿರ ಇರೋದು ಡಿಫರೆನ್ಷಿಯಲ್ ಉಂಡೆ. ಅದು ಆಕ್ಸಲ್ ಮೇಲೇ ಇದೆ, ಸ್ಪ್ರಿಂಗ್ ಕೆಳಗೆ. ಎರಡಿಂಚು ಉದ್ದದ ಸ್ಪ್ರಿಂಗ್ ಹಾಕಿದ್ರೆ ಬಾಡಿ ಮೇಲೆ ಹೋಗುತ್ತೆ, ಉಂಡೆ ಇದ್ದಲ್ಲೇ ಇರುತ್ತೆ. ಮಧ್ಯದ ಕಲ್ಲು ಮೊದಲು ಎಲ್ಲಿ ಹೊಡೀತಿತ್ತೋ ಈಗಲೂ ಅಲ್ಲೇ ಹೊಡೆಯುತ್ತೆ. ಉಂಡೆ ಮೇಲೆ ಹೋಗಬೇಕಂದ್ರೆ ದೊಡ್ಡ ಟೈರ್ ಬೇಕು. ಬಾಡಿ ಎತ್ತರದಿಂದ ಏರು ಇಳಿವಿನ ಕೋನ ಸಿಗುತ್ತೆ, ಅದನ್ನ ಒಪ್ತೀನಿ. ಅದಕ್ಕೆ ಕೊಡೋ ಬೆಲೆ ನೋಡಿ: ಪ್ಯಾನ್‌ಹಾರ್ಡ್ ರಾಡ್ ಆಕ್ಸಲನ್ನ ಒಂದು ಪಕ್ಕಕ್ಕೆ ಎಳೆಯುತ್ತೆ, ಕ್ಯಾಸ್ಟರ್ ಕಡಿಮೆ ಆಗಿ ಸ್ಟೀರಿಂಗ್ ತಾನಾಗೇ ನೇರಕ್ಕೆ ಬರೋ ಗುಣ ಕಳ್ಕೊಳ್ಳುತ್ತೆ, ಶಾಕ್ ಗಿಡ್ಡ ಆಗುತ್ತೆ, ಬ್ರೇಕ್ ಹೋಸ್ ಬಿಗಿ ಆಗುತ್ತೆ. ಶಿರಾಡಿ ಘಾಟಿಯ ತಿರುವಲ್ಲಿ ಎತ್ತರದ ಗಾಡಿ ಹೇಗೆ ತೂಗುತ್ತೆ ಅಂತ ಹೇಳೋದೇ ಬೇಡ.

ದಪ್ಪ ತಂತಿಯ ಸ್ಪ್ರಿಂಗ್ ಹಾಕಿದ್ರೆ ಆಯ್ತಲ್ಲ ಅಂದವನಿಗೂ ಉತ್ತರ. ಬಿಗುವು ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ಹೋಗುತ್ತೆ. 10 ಪರ್ಸೆಂಟ್ ದಪ್ಪ ಆದ್ರೆ ಬಿಗುವು 46 ಪರ್ಸೆಂಟ್ ಜಾಸ್ತಿ. ವಿಂಚ್ ತೆಗೆದ ದಿನ ಆ ಗಾಡಿಯಲ್ಲಿ ಅಜ್ಜಿನ ಕೂರಿಸ್ಕೊಂಡು ಆಸ್ಪತ್ರೆಗೆ ಹೋಗಿ ನೋಡು.

ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ಮೂಲ ವಿವರಕ್ಕೆ ವ್ಯತ್ಯಾಸ ಬರೋ ಹಾಗೆ ಗಾಡಿ ಬದಲಾಯಿಸುವಂತಿಲ್ಲ. ಅದೇ ಸೆಕ್ಷನ್ ಇಟ್ಕೊಂಡೇ 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಕ್ರ್ಯಾಶ್ ಗಾರ್ಡ್, ಬುಲ್ ಬಾರ್ ಮೇಲೆ ಕ್ರಮ ತಗೊಳ್ಳಿ ಅಂತ ರಾಜ್ಯಗಳಿಗೆ ಬರೆದಿತ್ತು. ಪೊಲೀಸ್ ಹಿಡಿಯಲ್ಲ ಅಂತ ನಗ್ಬೇಡಿ. ಆಕ್ಸಿಡೆಂಟ್ ಆದ ಮೇಲೆ ಇನ್ಶೂರೆನ್ಸ್ ಸರ್ವೇಯರ್ ಬಂದು ಟೇಪ್ ಹಿಡೀತಾರೆ.

ಹಾಗಾಗಿ ನಾವು ಹಾಕಿದ್ದು ಕಂಪನಿ ಸ್ಪ್ರಿಂಗೇ, ಅದೇ ಎತ್ತರ, ಅದೇ ದಪ್ಪ. ತಗ್ಗೋಕೆ, ಮುರಿಯೋಕೆ ದಾರಿ ಮಾಡಿದ್ದು ಬಂಪರ್ ಅಂತ ನನ್ನ ವಾದ, "ತುಕ್ಕು" ಅಂತ ಚಿಕ್ಕಪ್ಪನ ವಾದ. ಎರಡೂ ಸರಿ ಅನ್ಸುತ್ತೆ: ಕಲ್ಲು ಹೊಡೆದು ಬಣ್ಣ ಎದ್ದ ಜಾಗದಲ್ಲಿ ತುಕ್ಕಿನ ಕುಳಿ, ಆ ಕುಳಿಯಿಂದ ಬಿರುಕು, ಮೇಲೆ ದಿನಾ ಹೆಚ್ಚಿಗೆ ಭಾರ. ಮೂರು ದಿನ ಮಾತಾಡಲಿಲ್ಲ ಅವರು. ನಾಲ್ಕನೇ ದಿನ ಬೆಳಿಗ್ಗೆ ನೋಡಿದ್ರೆ ಬಂಪರ್ ವಿಂಚ್ ಸಮೇತ ಗೋಡೌನ್ ಮೂಲೆಯಲ್ಲಿತ್ತು, ಮೇಲೆ ಗೋಣಿಚೀಲ ಹೊದಿಸಿದ್ರು. ನಾನೂ ಏನೂ ಕೇಳಲಿಲ್ಲ.

ಮುರಿದ ತುಂಡನ್ನ ಸೋಮವಾರ ಕ್ಲಾಸಿಗೆ ತರ್ತೀನಿ. ಮುರಿದ ಮುಖದಲ್ಲಿ ಒಂದು ಕಡೆ ಕಪ್ಪು ಚುಕ್ಕೆ, ಉಳಿದದ್ದು ಬೆಳ್ಳಗೆ ಹೊಳೀತಿದೆ. ಮೆಟೀರಿಯಲ್ಸ್ ಲ್ಯಾಬ್‌ನ ಮ್ಯಾಗ್ನಿಫೈಯರ್ ಯಾರ ಹತ್ರ ಇದೆ, ಕಾಮೆಂಟಲ್ಲಿ ಹೇಳಿ.