ಏರಲು ಮಧುಗಿರಿ, ದಾಟಿಹೋಗಲು ಶಿರಾ
ಮಧುಗಿರಿ: ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಕೋಟೆಗಳಿಗೆ ಬರವಿಲ್ಲ, ಬರವೇನಿದ್ದರೂ ಮಳೆಗೆ. ಆದರೆ ಬೆಂಗಳೂರಿನಿಂದ ವಾರಾಂತ್ಯಕ್ಕೆ ಬರುವವರ ಕಣ್ಣು ಹೆಚ್ಚಾಗಿ ಮಧುಗಿರಿಯ ಏಕಶಿಲಾ ಬೆಟ್ಟದ ಮೇಲೆ. ಪಾಳೆಯಗಾರ ರಾಜಾ ಹಿರೇಗೌಡ ಕಟ್ಟಿಸಿ, ಹೈದರಾಲಿ ಬಲಪಡಿಸಿದ ಕೋಟೆಯನ್ನು ಬಹುತೇಕರು ಏರುವುದು ಚಾರಣಕ್ಕಾಗಿ. ತುದಿಯಲ್ಲಿ ಪಾಳುಬಿದ್ದಿರುವ ಗೋಪಾಲಕೃಷ್ಣ ಗುಡಿ ಛಾಯಾಚಿತ್ರಗಳ ಹಿನ್ನೆಲೆಯಾಗಿ ಉಳಿದಿದೆ.

ಶಿರಾದ ಸ್ಥಿತಿ ಬೇರೆ. 1687ರಲ್ಲಿ ಮೊಘಲ್ ಪ್ರಾಂತ್ಯದ ರಾಜಧಾನಿಯಾದ ಊರಿದು. 1651ರಲ್ಲಿ ನಿಧನನಾದ ಮಲಿಕ್ ರಿಹಾನನ ಗೋರಿ, 1696ರ ಜುಮ್ಮಾ ಮಸೀದಿ ಇಲ್ಲಿವೆ. ಹೆದ್ದಾರಿಯಲ್ಲಿ ಸಾಗುವವರು ಊರೊಳಗೆ ತಿರುಗುವುದು ಮಾತ್ರ ಅಪರೂಪ. 2010ರ ಕಾನೂನು ತಿದ್ದುಪಡಿಯಂತೆ ಕೇಂದ್ರ ಸಂರಕ್ಷಿತ ಸ್ಮಾರಕದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ. ಅಲ್ಲಿಂದಾಚೆಯ 200 ಮೀಟರ್‌ನಲ್ಲಿ ಅನುಮತಿ ಕಡ್ಡಾಯ. ಬೆಟ್ಟದ ಕೋಟೆಯನ್ನು ಬಂಡೆಯೇ ಕಾಯುತ್ತದೆ. ಊರೊಳಗಿನ ಸ್ಮಾರಕದ ಭಾರ ಬೀಳುವುದು ನೆರೆಮನೆಯವರ ಹೆಗಲಿಗೆ. ಪ್ರವಾಸಿಯೇ ಬಾರದಿದ್ದರೆ ಆ ಭಾರಕ್ಕೆ ಪ್ರತಿಫಲವಾದರೂ ಏನು?

ಕೊರಟಗೆರೆಯ ಚನ್ನರಾಯನದುರ್ಗ ಚಾರಣಿಗರಿಗಷ್ಟೇ ಪರಿಚಿತ. ಪಾವಗಡದ ಹೆಸರನ್ನು ದೂರಕ್ಕೆ ಒಯ್ದದ್ದು 2018ರಲ್ಲಿ ಉದ್ಘಾಟನೆಗೊಂಡ ಸೌರ ಪಾರ್ಕ್. ಅಲ್ಲಿನ ಶನಿಮಹಾತ್ಮ ದೇಗುಲಕ್ಕೆ ಬರುವ ಭಕ್ತರು ಬೆಟ್ಟದ ಕೋಟೆಯತ್ತ ಒಮ್ಮೆ ತಲೆಯೆತ್ತಿ ನೋಡಿ ಬಸ್ ಹತ್ತುತ್ತಾರೆ.