ತಾಯಿಯನ್ನು ದತ್ತಕ ತೆಗೆದುಕೊಳ್ಳುವ ಮಗ

ವಿಶ್ವವಿದ್ಯಾಲಯಗಳು ಹಳ್ಳಿಗಳನ್ನು ‘ದತ್ತು’ ತೆಗೆದುಕೊಳ್ಳುತ್ತಿವೆ! 1969ರ ರಾಷ್ಟ್ರೀಯ ಸೇವಾ ಯೋಜನೆಯಲ್ಲಿಯೂ, 2014ರ ಉನ್ನತ ಭಾರತ ಅಭಿಯಾನದಲ್ಲಿಯೂ ಈ ಶಬ್ದವೇ ಮೆರೆಯುತ್ತಿರುವದು. ಮಕ್ಕಳಿಲ್ಲದವರು ಅನ್ಯರ ಕೂಸನ್ನು ಮನೆತನಕ್ಕೆ ತರುವದು ದತ್ತಕವೆಂಬುದನ್ನು ನಮ್ಮ ವಾಚಕರು ಬಲ್ಲರು. ಇಲ್ಲಿ ಕೂಸು ಯಾರು, ಹಡೆದವರು ಯಾರು?

ಧಾರವಾಡದ ಮಾತನ್ನೇ ನೋಡೋಣ. 1917ರಲ್ಲಿ ತೆರೆದ ಕರ್ನಾಟಕ ಕಾಲೇಜು ಮುಂಬಯಿ ವಿಶ್ವವಿದ್ಯಾಲಯಕ್ಕೆ ಸೇರಿದ್ದಿತು. ಕನ್ನಡ ಜಿಲ್ಲೆಗಳ ಹುಡುಗನ ವಿದ್ಯೆಗೆ ಮುದ್ರೆಯೊತ್ತುವ ಅಧಿಕಾರವು ಮುಂಬಯಿಯಲ್ಲಿದ್ದಿತು. 1890ರಲ್ಲಿ ವಿದ್ಯಾವರ್ಧಕ ಸಂಘವನ್ನು ಕಟ್ಟಿದ ಈ ಸೀಮೆಯ ಜನರು ತಮ್ಮದೇ ವಿಶ್ವವಿದ್ಯಾಲಯವನ್ನು ಬೇಡಿದರು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಮುಂಬಯಿಯಲ್ಲಿಯೇ ಹುಟ್ಟಿ, 1950ರಲ್ಲಿ ಧಾರವಾಡಕ್ಕೆ ಬಂದಿತು. ನಾಡು ಒಂದಾದುದು ಅದಕ್ಕೂ ಆರು ವರ್ಷ ತರುವಾಯ. ಜನರು ಹಂಬಲಿಸಿ ಹಡೆದ ಮಗನು ಈಗ ತಾಯಿಯನ್ನೇ ದತ್ತಕ ತೆಗೆದುಕೊಳ್ಳಹೊರಟಿರುವನು!

ಅದೂ ಎಷ್ಟು ದಿನದ ಮಟ್ಟಿಗೆ? ಸೇವಾ ಯೋಜನೆಯ ಶಿಬಿರವು ಏಳು ದಿನಗಳದು. ಹುಡುಗರು ಅಂಗಳ ಗುಡಿಸುವರು, ಗೋಡೆಗೆ ಸುಣ್ಣ ಬಳಿಯುವರು, ಎಂಟನೆಯ ದಿನ ಮೋಟಾರು ಹತ್ತುವರು. ಅವರನ್ನು ನಾವು ಹಳಿಯುವದಿಲ್ಲ. ಸಲಿಕೆ ಹಿಡಿದ ಕೈಯನ್ನು ಹಳಿಯಲು ನಮಗೆ ಬಾಯಿಲ್ಲ. ನಮ್ಮ ಆಕ್ಷೇಪವಿರುವದು ಸಲಿಕೆಯನ್ನು ಹುಡುಗರಿಗೆ ಕೊಟ್ಟು ಶಾಸ್ತ್ರವನ್ನು ಕಪಾಟಿನಲ್ಲಿಟ್ಟ ಹಿರಿಯರ ಮೇಲೆ. ಮಲಪ್ರಭೆಯ ಕಾಲುವೆಯ ಕೆಳಗೆ ಎರೆಹೊಲಗಳಲ್ಲಿ ನೀರು ನಿಂತು ಸವಳು ಏರಿದೆ. ಆ ರೈತನಿಗೆ ಸುಣ್ಣದ ಗೋಡೆಯಿಂದೇನು? ಅವನಿಗೆ ಬೇಕಾದವರು ಮಣ್ಣನ್ನು ಪರೀಕ್ಷಿಸಿ, ಫಲಿತವನ್ನು ಅವನ ಮಾತಿನಲ್ಲಿ ತಿಳಿಸಿ, ಮುಂದಿನ ವರುಷವೂ ಬಂದು ನೋಡುವ ಪ್ರಾಧ್ಯಾಪಕರು. ಬರುವವರಾದರೋ ಪ್ರಶ್ನಾವಳಿ ಹಿಡಿದ ಸಂಶೋಧಕರು! ಮನೆಯಲ್ಲಿ ದನವೆಷ್ಟು, ಸಾಲವೆಷ್ಟು ಎಂದು ಬರೆದುಕೊಂಡು ಹೋಗುವರು. ಅದರಿಂದ ಇಂಗ್ಲಿಷಿನಲ್ಲೊಂದು ಪ್ರಬಂಧವಾಗುವದು, ಪದವಿ ಬರುವದು. ಊರಿಗೆ ಅದರ ಒಂದು ಹಾಳೆಯೂ ಬಾರದು. ಇದು ಸಹಕಾರವಲ್ಲ, ಸುಗ್ಗಿಯನ್ನು ಒಬ್ಬನೇ ಒಯ್ಯುವ ಪಾಲುಗಾರಿಕೆ.

ಮಾಡಲಾಗದ ಕೆಲಸವೆಂದು ಯಾರೂ ಹೇಳದಿರಲಿ. 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾಲಯವು ಸ್ವಾತಂತ್ರ್ಯಕ್ಕೆ ಮೊದಲೇ ಅಧ್ಯಾಪಕರನ್ನು ಊರೂರಿಗೆ ಕಳುಹಿ ಕನ್ನಡದಲ್ಲಿ ಪ್ರಚಾರೋಪನ್ಯಾಸಗಳನ್ನು ಮಾಡಿಸಿ, ಅವನ್ನು ಅಗ್ಗದ ಕಿರುಹೊತ್ತಗೆಗಳಾಗಿ ಹಂಚಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಮೇಳದಲ್ಲಿ ರೈತರು ತಳಿಯನ್ನು ಕಣ್ಣಾರೆ ನೋಡಿ ತಜ್ಞರನ್ನು ಕನ್ನಡದಲ್ಲಿಯೇ ಕೇಳುವರು. ಉಳಿದ ವಿದ್ಯೆಗಳಿಗೆ ಮಾತ್ರ ಬಾಯಿ ಕಟ್ಟಿರುವದೇಕೆ?

ಊರಿನ ಮೇಲೆ ಬರೆದ ಪ್ರತಿಯೊಂದು ಪ್ರಬಂಧದ ಸಾರವನ್ನು ಕನ್ನಡದಲ್ಲಿ ಗ್ರಾಮಸಭೆಯೆದುರು ಓದಿ ಒಪ್ಪಿಸಿದ ಹೊರತು ಪದವಿ ಕೊಡಕೂಡದೆಂದು ನಾವು ಆಗ್ರಹಪಡಿಸುವೆವು. ಇನ್ನು ನಮ್ಮ ಶಾಲಾಮಾಸ್ತರರಿಗೊಂದು ಬಿನ್ನಹ: ಪ್ರಶ್ನಾವಳಿ ಹಿಡಿದು ಬಂದವರನ್ನು ಮರ್ಯಾದೆಯಿಂದ ಕೂಡ್ರಿಸಿ, ನೀರು ಕೊಟ್ಟು, ಹೋದ ಸಲ ಬರೆದುಕೊಂಡು ಹೋದುದು ಏನಾಯಿತೆಂದು ಕೇಳಿರಿ. ಉತ್ತರ ಬರುವ ತನಕ ಹೊಸ ಕಾಗದಕ್ಕೆ ಊರಿನವರ ಸಹಿ ಬೀಳದಿರಲಿ.