ದೀಪದ ಮುಚ್ಚಳಕ್ಕೆ ಎಷ್ಟು ಒರಟುತನ ಬೇಕು?

ಬಚ್ಚಲುಮನೆಯ ಕಿಟಕಿಗೆ ಹಾಕುವ ಮಬ್ಬು ಗಾಜನ್ನು ಎಲ್ಲರೂ ಕಂಡಿರುತ್ತಾರೆ. ಅದು ಬೆಳಕನ್ನು ಒಳಗೆ ಬಿಡುತ್ತದೆ, ನೋಟವನ್ನು ಬಿಡುವುದಿಲ್ಲ. ಆ ಗಾಜಿನ ಒರಟು ಮೈಗೆ ಪಾರದರ್ಶಕ ಅಂಟುಪಟ್ಟಿಯ ಒಂದು ತುಂಡನ್ನು ಒತ್ತಿ ಹಚ್ಚಿದರೆ, ಅಷ್ಟು ಜಾಗ ಮಾತ್ರ ತಿಳಿಯಾಗಿ ಆಚೆಗಿನ ಗಿಡಮರ ಕಾಣಿಸತೊಡಗುತ್ತದೆ. ಹೀಗೇಕೆ?

ಉತ್ತರ ಪ್ರೌಢಶಾಲೆಯ ಪಾಠದಲ್ಲಿಯೇ ಇದೆ. ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ಹೋಗುವಾಗ ಬೆಳಕಿನ ಕಿರಣ ಬಾಗುತ್ತದೆ. ನುಣುಪಾದ ಮೈಯಲ್ಲಿ ಸಮಾಂತರ ಕಿರಣಗಳೆಲ್ಲ ಒಂದೇ ರೀತಿ ಬಾಗುವುದರಿಂದ ನೋಟ ಕೆಡುವುದಿಲ್ಲ. ಒರಟು ಮೈಯಲ್ಲಿ ಒಂದೊಂದು ಉಬ್ಬೂ ಒಂದೊಂದು ಕಡೆಗೆ ವಾಲಿರುತ್ತದೆ, ಕಿರಣಗಳು ದಿಕ್ಕಾಪಾಲಾಗುತ್ತವೆ. ಅಂಟಿನ ವಕ್ರೀಭವನ ಸೂಚ್ಯಂಕ ಗಾಜಿನದಕ್ಕೆ ಹತ್ತಿರವಾದುದು. ಅದು ತಗ್ಗುಗಳನ್ನು ತುಂಬಿದೊಡನೆ ಕಿರಣದ ಪಾಲಿಗೆ ಒರಟುತನ ಇಲ್ಲವಾಗುತ್ತದೆ.

ಎಲ್‌ಇಡಿ ದೀಪಗಳು ಬಂದ ಮೇಲೆ ಈ ಒರಟುತನಕ್ಕೆ ಬೆಲೆ ಹೆಚ್ಚಿದೆ. ಎಲ್‌ಇಡಿ ಕೆಲವೇ ಮಿಲಿಮೀಟರು ಅಗಲದ ಚುಕ್ಕೆ. ಅಷ್ಟು ಸಣ್ಣ ಜಾಗದಿಂದ ಬರುವ ಬೆಳಕು ನೇರವಾಗಿ ಬಿದ್ದರೆ ಕಣ್ಣು ಕೋರೈಸುತ್ತದೆ. ಹಲವು ಚುಕ್ಕೆಗಳಿದ್ದರೆ ಪುಸ್ತಕದ ಮೇಲೆ ಒಂದೇ ಪೆನ್ಸಿಲ್ಲಿಗೆ ಹಲವು ನೆರಳುಗಳು ಬೀಳುತ್ತವೆ. ಆದುದರಿಂದ ಅವುಗಳ ಮುಂದೆ ಬೆಳಕನ್ನು ಚದುರಿಸುವ ಅಕ್ರಿಲಿಕ್ ಅಥವಾ ಪಾಲಿಕಾರ್ಬೊನೇಟ್ ಮುಚ್ಚಳ ಬೇಕಾಗುತ್ತದೆ.

ಈ ಮುಚ್ಚಳಗಳನ್ನು ಒಂದೊಂದಾಗಿ ಉಜ್ಜಿ ಒರಟು ಮಾಡುವುದಿಲ್ಲ. ಕರಗಿದ ಪ್ಲಾಸ್ಟಿಕ್ಕನ್ನು ಒತ್ತಡದಿಂದ ಉಕ್ಕಿನ ಅಚ್ಚಿಗೆ ತುಂಬುತ್ತಾರೆ. ಬಟ್ಟೆ ಹಾಸಿ ಬೇಯಿಸಿದ ಇಡ್ಲಿಯ ಮೈಮೇಲೆ ನೇಯ್ಗೆಯ ಗುರುತು ಮೂಡುವಂತೆ, ಅಚ್ಚಿನ ಮೈ ಪ್ಲಾಸ್ಟಿಕ್ಕಿನ ಮೇಲೆ ಮೂಡುತ್ತದೆ. ಹಾಗಾಗಿ ಆರಿಸಬೇಕಾದುದು ಉಕ್ಕಿನ ಮೈಯನ್ನು. ಅಮೆರಿಕದ ಎಸ್‌ಪಿಐ ಪಟ್ಟಿಯಲ್ಲಿ ನಾಲ್ಕು ವರ್ಗಗಳು, ಒಂದೊಂದರಲ್ಲಿ ಮೂರು ದರ್ಜೆಗಳು. ‘ಎ’ ವಜ್ರದ ಪುಡಿಯಿಂದ ಕನ್ನಡಿಯಂತೆ ತಿಕ್ಕಿದ್ದು. ‘ಬಿ’ ಉಪ್ಪುಕಾಗದದಿಂದ, ‘ಸಿ’ ಸಾಣೆಕಲ್ಲಿನಿಂದ ಉಜ್ಜಿದ್ದು. ‘ಡಿ’ ಗಡಸು ಕಣಗಳನ್ನು ರಭಸದಿಂದ ಸಿಡಿಸಿ ಮಬ್ಬು ಮಾಡಿದ್ದು. ಜರ್ಮನಿಯ ವಿಡಿಐ 3400 ಪಟ್ಟಿ ವಿದ್ಯುತ್ ಕಿಡಿಯಿಂದ ಕೊರೆದ ಮೈಗೆ ಸಂಬಂಧಿಸಿದ್ದು. ಅದರಲ್ಲಿ 12ನೆಯ ದರ್ಜೆಯ ಸರಾಸರಿ ಒರಟುತನ 0.4 ಮೈಕ್ರೋಮೀಟರು, 45ನೆಯದರದು 18 ಮೈಕ್ರೋಮೀಟರು. ಮಿಲಿಮೀಟರಿನ ಸಾವಿರದ ಒಂದು ಪಾಲೇ ಮೈಕ್ರೋಮೀಟರು.

ಹಾಗಾದರೆ ಎಲ್ಲಕ್ಕಿಂತ ಒರಟಾದುದನ್ನೇ ಆರಿಸಿದರಾಯಿತಲ್ಲ? ಆಗದು. ಬೆಳಕು ಎಷ್ಟು ಬಾಗುತ್ತದೆ ಎಂಬುದನ್ನು ತೀರ್ಮಾನಿಸುವುದು ಉಬ್ಬಿನ ಎತ್ತರವಲ್ಲ, ಅದರ ಇಳಿಜಾರು. ಅಗಲವಾದ, ದಪ್ಪ ಉಬ್ಬುಗಳಿಗಿಂತ ಒತ್ತೊತ್ತಾದ ಸಣ್ಣ ಉಬ್ಬುಗಳೇ ಚೆನ್ನಾಗಿ ಚದುರಿಸಬಲ್ಲವು. ಮೇಲಾಗಿ, ಬದಿಯ ಗೋಡೆಗಳು ಬಹಳ ಒರಟಾದರೆ ಮುಚ್ಚಳ ಅಚ್ಚಿಗೆ ಕಚ್ಚಿಕೊಂಡು, ಬಿಡಿಸುವಾಗ ಗೀರು ಬೀಳುತ್ತದೆ. ಇದನ್ನು ತಪ್ಪಿಸಲು ಒರಟಿನ ಪ್ರತಿ 0.025 ಮಿಲಿಮೀಟರು ಆಳಕ್ಕೆ ಗೋಡೆಯನ್ನು ಸುಮಾರು 1ರಿಂದ 1.5 ಡಿಗ್ರಿ ಓರೆ ಮಾಡಬೇಕು.

ತಪ್ಪಿದರೆ ನಷ್ಟವೂ ದೊಡ್ಡದು. ಒಂದು ಅಚ್ಚಿಗೆ ಲಕ್ಷಾಂತರ ರೂಪಾಯಿ ಖರ್ಚಾಗಬಹುದು. ನುಣುಪಾದ ಉಕ್ಕನ್ನು ಒರಟು ಮಾಡುವುದು ಸುಲಭ. ಒರಟಾದುದನ್ನು ಮತ್ತೆ ನುಣುಪು ಮಾಡಲು ಲೋಹವನ್ನೇ ತಿಕ್ಕಿ ತೆಗೆಯಬೇಕು, ಆಗ ಅಳತೆ ಕೆಡಬಹುದು. ಆದ್ದರಿಂದ ಅನುಭವಿಗಳು ನವುರಾದ ದರ್ಜೆಯಿಂದ ಆರಂಭಿಸಿ, ಮಾದರಿ ತೆಗೆದು, ಹಿಂದೆ ದೀಪ ಹಚ್ಚಿ ನೋಡಿಯೇ ಮುಂದುವರಿಯುತ್ತಾರೆ. ಬೆಂಗಳೂರಿನಲ್ಲಿ 1972ರಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರು ಡಿಪ್ಲೊಮಾ ಮೂಲಕ ಕಲಿಯುವುದು ಇಂಥ ಅಚ್ಚು ತಯಾರಿಕೆಯ ವಿದ್ಯೆಯನ್ನೇ.

ಒರಟು ಮೈ ಯಾವ ಕಡೆಗಿರಬೇಕು? ಒಳಗಡೆಗೆ. ಹೊರಗಿದ್ದರೆ ಧೂಳು ಕೂರುತ್ತದೆ. ಬೆರಳಿನ ಜಿಡ್ಡು ಅಂಟುಪಟ್ಟಿಯಂತೆಯೇ ತಗ್ಗುಗಳನ್ನು ತುಂಬಿ ಕಲೆ ಮಾಡುತ್ತದೆ. ಹಳೆಯ ಗಾಜಿನ ಬುರುಡೆಗಳಿಗೂ ಈ ತೊಡಕಿತ್ತು. 1925ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಮಾರ್ವಿನ್ ಪಿಪ್ಕಿನ್, ಗಾಜು ಪೆಡಸಾಗದಂತೆ ಬುರುಡೆಯನ್ನು ಒಳಗಿನಿಂದ ಮಬ್ಬು ಮಾಡುವ ವಿಧಾನ ಕಂಡುಹಿಡಿದು ಅದನ್ನು ಪರಿಹರಿಸಿದರು.

ಮೈಯ ಒರಟುತನವೊಂದರಿಂದಲೇ ಚುಕ್ಕೆಗಳು ಮರೆಯಾಗದಿದ್ದರೆ ಪ್ಲಾಸ್ಟಿಕ್ಕಿಗೇ ಸೂಕ್ಷ್ಮ ಬಿಳಿ ಕಣಗಳನ್ನು ಬೆರೆಸಿ ಹಾಲುಬಣ್ಣ ತರಿಸುತ್ತಾರೆ. ಆದರೆ ಕಣಗಳು ಹೆಚ್ಚಾದಷ್ಟೂ ಬೆಳಕು ಹಿಂದಕ್ಕೆ ಮರಳಿ ವ್ಯರ್ಥವಾಗುತ್ತದೆ. ಎಲ್‌ಇಡಿಗಳ ನಡುವಿನ ಅಂತರದಷ್ಟಾದರೂ ದೂರದಲ್ಲಿ ಮುಚ್ಚಳವನ್ನು ಇಡುವುದು ಇದಕ್ಕಿಂತ ಮೇಲಾದ ಉಪಾಯ.

ಮಕ್ಕಳಿಗೆ ಓದುವ ದೀಪ ಕೊಳ್ಳುವ ತಂದೆತಾಯಿಯರು ಅಂಗಡಿಯಲ್ಲಿಯೇ ಅದನ್ನು ಹಚ್ಚಿಸಿ, ಬಿಳಿ ಹಾಳೆಯ ಮೇಲೆ ಪೆನ್ಸಿಲ್ ಹಿಡಿದು ನೋಡಬಹುದು. ಮುಚ್ಚಳದಲ್ಲಿ ಚುಕ್ಕೆಗಳು ಎದ್ದು ಕಾಣದೆ, ನೆರಳು ಒಂದೇ ಆಗಿ, ಅದರ ಅಂಚು ಮೆತ್ತಗಿದ್ದು, ಹಾಳೆಯ ಮೇಲೆ ಬೆಳಕು ಸಾಕಷ್ಟಿದ್ದರೆ, ಆ ಅಚ್ಚಿನ ಮೈಯನ್ನು ಬಲ್ಲವರೇ ಆರಿಸಿದ್ದಾರೆಂದು ತಿಳಿಯಬಹುದು.